ಪದ್ಮಶ್ರೀ ಗಂಗಾಧರಪ್ಪ ಮತ್ತು ನಮ್ಮ ಡೆಸ್ಕಿನ ‘ಸಹಾಯಕ’

ಪತ್ರಿಕೋದ್ಯಮ ಓದಿ ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ನಿಮ್ಮ ಸರ್ವಿಸಲ್ಲಿ ದೊಡ್ಡ ಸ್ಕೂಪ್ ಯಾವುದು?’ ನನಗೆ ಸಿಟ್ಟು ಬರುತ್ತದೆ. ನಾನು ಡೆಸ್ಕಿನವಳು. ಶಿವಮೊಗ್ಗದ ಒಂದು ದಿನಪತ್ರಿಕೆಗೆ ಉಪಸಂಪಾದಕಿಯಾಗಿ ಸೇರಿ, ಕೊನೆಗೆ ಜಿಲ್ಲಾ ಪುಟದ ಹೊಣೆ ಹೊತ್ತು ನಿವೃತ್ತಳಾದೆ. ನಡುವಿನ ಬಡ್ತಿಗಳ ಕಥೆ ಯಾರಿಗೂ ಬೇಡ, ನನಗೂ ಬೇಡ. ಡೆಸ್ಕಿನವರಿಗೆ ಸ್ಕೂಪ್ ಎಂಬುದು ಇರುವುದಿಲ್ಲ. ಇನ್ನೊಬ್ಬರು ಬರೆದದ್ದನ್ನು ತಿದ್ದುವುದು, ತಿದ್ದಿದ್ದನ್ನು ಮತ್ತೊಬ್ಬರು ಕೆಡಿಸುವುದು, ಬೆಳಿಗ್ಗೆ ಇಬ್ಬರ ಪರವಾಗಿಯೂ ಓದುಗರಿಂದ ಬೈಸಿಕೊಳ್ಳುವುದು, ಇಷ್ಟೇ ನಮ್ಮ ಕೆಲಸ.

ನಾನು ಸೇರಿದಾಗ ಸೀಸದ ಅಚ್ಚುಮೊಳೆ ಜೋಡಿಸುವವರು ಇದ್ದರು. ಆಮೇಲೆ ಕಂಪ್ಯೂಟರ್ ಬಂತು, ಫ್ಯಾಕ್ಸ್ ಬಂತು, ಹೋಯಿತು. ಈಗ ವರದಿಗಾರ ಬಸ್ಸಿನಲ್ಲಿ ನಿಂತುಕೊಂಡೇ ವಾಟ್ಸಾಪಿನಲ್ಲಿ ಸುದ್ದಿ ಕಳಿಸುತ್ತಾನೆ. ಎಲ್ಲ ಬದಲಾಗಿದೆ ಎನ್ನುತ್ತಾರೆ. ನನ್ನ ಪ್ರಕಾರ ತಪ್ಪು ಮಾಡುವ ವೇಗ ಮಾತ್ರ ಬದಲಾಗಿದೆ. ಮೊಳೆಯ ಕಾಲದಲ್ಲಿ ಎರಡು ಫೋಟೋಗಳ ಅಡಿಬರಹ ಅದಲುಬದಲಾಗಿ, ಮಹಿಳಾ ಸಮಾಜದ ನೂತನ ಅಧ್ಯಕ್ಷೆಯ ಚಿತ್ರದ ಕೆಳಗೆ ‘ಹಾಲು ಕರೆಯುವ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದ ಮುರ್‍ರಾ ಎಮ್ಮೆ’ ಎಂದು ಅಚ್ಚಾಗಿತ್ತು. ಅಧ್ಯಕ್ಷೆ ಕಚೇರಿಗೆ ಬಂದು ಅತ್ತರು. ಎಮ್ಮೆಯ ಮಾಲೀಕರು ಬಂದು ಜಗಳವಾಡಿದರು. ಕಂಪ್ಯೂಟರ್ ಬಂದ ಮೇಲೆ ಇಂಥದ್ದು ನಿಂತಿತೆಂದು ತಿಳಿಯಬೇಡಿ.

ಗಣರಾಜ್ಯೋತ್ಸವದ ಹಿಂದಿನ ಸಂಜೆ ಪದ್ಮ ಪ್ರಶಸ್ತಿಗಳು ಪ್ರಕಟವಾಗುವುದು ಡೆಸ್ಕಿನವರಿಗೆಲ್ಲ ಗೊತ್ತಿರುವ ತಲೆನೋವು. ದೆಹಲಿಯಿಂದ ಉದ್ದನೆಯ ಪಟ್ಟಿ ಬರುತ್ತದೆ. ಹೆಸರುಗಳ ಕನ್ನಡ ಉಚ್ಚಾರ ತಿಳಿಯುವುದಿಲ್ಲ. ಒಂದು ವರ್ಷ ಅದರಲ್ಲಿ ಅನಾಥ ಮಕ್ಕಳ ಶಾಲೆ ನಡೆಸುವ ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆಯ ಹೆಸರಿತ್ತು. ದೇಶದ ಇನ್ನೊಂದು ಮೂಲೆಯವರು. ಡೆಸ್ಕಿನ ಹುಡುಗ ಬರೆದ ಸುದ್ದಿಯಲ್ಲಿ ಅವರು ಒಂದೇ ಪ್ಯಾರಾದಲ್ಲಿ ‘ಹುಟ್ಟಿದನು’, ‘ಬೆಳೆದಳು’, ‘ಪ್ರಶಸ್ತಿಗೆ ಪಾತ್ರವಾಗಿದೆ’. ಮೂರು ಲಿಂಗವೂ ಮುಗಿದಿತ್ತು. ‘ಏನಪ್ಪಾ ಇದು?’ ಎಂದರೆ, ‘ಕನ್‌ಫ್ಯೂಸ್ ಆಯ್ತು ಮೇಡಂ, ಅದಕ್ಕೆ ಮೂರನ್ನೂ ಹಾಕ್ದೆ. ಒಂದಾದ್ರೂ ಸರಿ ಇರುತ್ತಲ್ಲ’ ಎಂದ. ರಾಷ್ಟ್ರಪತಿಗಳಿಂದ ಪ್ರಶಸ್ತಿ ಪಡೆಯುವವರಿಗೆ ‘ಅವರು’ ಎನ್ನಲು ನಮಗೆ ಯಾವ ಕಷ್ಟ? ಭಾಷೆಯಲ್ಲಿ ಇರುವ ಮರ್ಯಾದೆಯನ್ನು ತೆಗೆದು ಕೊಡಲು ಕೂಡ ನಾವು ಯೋಚಿಸುತ್ತೇವೆ. ಅದನ್ನು ತಿದ್ದಿ ಕಳಿಸಿದೆ. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡಿದ್ದೆ.

ನಾನು ನಿವೃತ್ತಳಾಗುವ ಮುನ್ನ ಬಂದ ಕೊನೆಯ ಪಟ್ಟಿಯಲ್ಲಿ ನಮ್ಮ ಜಿಲ್ಲೆಯದೇ ಹೆಸರು ಬಂತು. ಗಂಗಾಧರಪ್ಪ, ಭದ್ರಾವತಿ, ಸಮಾಜ ಸೇವೆ.

ಗಂಗಾಧರಪ್ಪನವರನ್ನು ನಾನು ಬಲ್ಲೆ. ಮಾಚೇನಹಳ್ಳಿಯಲ್ಲಿ ಅವರದೊಂದು ಸಣ್ಣ ವರ್ಕ್‌ಶಾಪು. ಕೃತಕ ಕಾಲು, ಕೈ ಮಾಡುತ್ತಾರೆ. ಜನ ಅದನ್ನು ‘ಕಾಲಿನ ಶೆಡ್ಡು’ ಎಂದೇ ಕರೆಯುವುದು. ಗದ್ದೆ ಕೆಲಸಕ್ಕೆ ಹೋಗುವವರಿಗೆ ಬೇರೆ ಪಾದ, ಅಡಿಕೆ ಮರ ಹತ್ತುತ್ತಿದ್ದವರಿಗೆ ಬೇರೆ ಮಂಡಿ. ಹುಟ್ಟಿದ್ದು ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ವ್ಯಾಪಾರದ ಮನೆತನದಲ್ಲಿ. ಚಿಕ್ಕ ವಯಸ್ಸಿಗೇ ಮನೆ ಬಿಟ್ಟವರು. ಯಾಕೆ ಬಿಟ್ಟರೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ವರದಿಗಾರ ರಜೆಯ ಮೇಲಿದ್ದ. ಹಾಗಾಗಿ ಮರುದಿನ ನಾನೇ ಭದ್ರಾವತಿಗೆ ಹೋದೆ. ಮನೆ ತುಂಬ ಅಕ್ಕಪಕ್ಕದವರು. ಕನ್ನಡ, ತಮಿಳು, ತೆಲುಗು ಎಲ್ಲ ಒಟ್ಟಿಗೇ ಕೇಳುತ್ತಿತ್ತು. ಗಂಗಾಧರಪ್ಪನವರ ಜೊತೆಗೇ ಇರುವ ಸೆಲ್ವರಾಜ್ ಎಲ್ಲರಿಗೂ ಕಾಫಿ ಕೊಡುತ್ತಿದ್ದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ನಡೆಯುವಾಗ ಬಲಗಾಲು ಸ್ವಲ್ಪ ಹಿಂದೆ ಉಳಿಯುತ್ತದೆ. ಸಂದಣಿ ಕರಗಿದ ಮೇಲೆ ಗಂಗಾಧರಪ್ಪ ನನ್ನನ್ನು ಒಳಗೆ ಕೂರಿಸಿಕೊಂಡರು.

‘ಮೇಡಂ, ಒಂದು ಮಾತು ಸರಿಯಾಗಿ ಬರ್ಕೊಳ್ಳಿ. ನಾನು ಮೊದಲನೇ ಕಾಲು ಮಾಡಿದ್ದು ಇವನಿಗೆ, ಈ ಸೆಲ್ವರಾಜಂಗೆ. ಸೈಕಲ್ ಮೇಲೆ ಹೋಗ್ತಿದ್ದೋನಿಗೆ ಲಾರಿ ಹೊಡೀತು. ಆಗಿನ್ನೂ ನಾನು ಲೇತ್ ಕೆಲ್ಸ ಮಾಡ್ತಿದ್ದೆ. ಇವನು ಹಾಸಿಗೆ ಮೇಲೆ ಮಲಗಿ ಗೋಡೆ ನೋಡೋದು ನಂಗೆ ನೋಡೋಕಾಗ್ಲಿಲ್ಲ. ಅದಕ್ಕೇ ಕಾಲು ಮಾಡೋದು ಕಲ್ತೆ. ಸಮಾಜ ಸೇವೆ ಗೀವೆ ಎಲ್ಲ ಆಮೇಲಿನದು.’

‘ಅವರು ನಿಮಗೆ…’ ಎಂದು ನಾನು ತಡವರಿಸಿದೆ.

‘ಸಂಗಾತಿ. ಗಂಡ ಹೆಂಡ್ತಿ ಇದ್ದಂಗೆ ಇದೀವಿ, ಮೂವತ್ತು ವರ್ಷದ ಮೇಲಾಯ್ತು. ಸ್ನೇಹಿತ ಅಂತ ಬರೀಬೇಡಿ ಮತ್ತೆ. ಸ್ನೇಹಿತರು ನಂಗೆ ಬೇಕಾದಷ್ಟು ಜನ ಇದಾರೆ.’

ಇದನ್ನು ಬರೆಯಬಹುದೇ ಎಂದು ಮತ್ತೊಮ್ಮೆ ಕೇಳಿದೆ. ಮಕ್ಕಳೇ, ನೀವೂ ಕೇಳಿ. ಇಂಥ ವಿಷಯವನ್ನು ಅವರ ಬಾಯಿಂದ ಕೇಳದೆ, ಅವರ ಒಪ್ಪಿಗೆ ಇಲ್ಲದೆ ಬರೆಯುವವನು ವರದಿಗಾರನಲ್ಲ, ಚಾಡಿಕೋರ. ‘ಊರು ಚಿಕ್ಕದು, ಆಮೇಲೆ ತೊಂದರೆಯಾದರೆ?’ ಎಂದೆ. ಬಾಗಿಲಲ್ಲಿ ನಿಂತಿದ್ದ ಸೆಲ್ವರಾಜ್ ನಕ್ಕರು.

‘ಊರಿಗೆ ಗೊತ್ತಿಲ್ದೆ ಇದ್ರೆ ತಾನೇ ಮೇಡಂ? ನಿಮ್ಮ ಪೇಪರ್ ಒಂದಕ್ಕೇ ಗೊತ್ತಿಲ್ಲದ್ದು.’

ಬಂದು ಬರೆದೆ. ‘ಈ ಕೆಲಸ ಶುರುವಾದದ್ದೇ ತಮ್ಮ ಸಂಗಾತಿ ಸೆಲ್ವರಾಜ್ ಅವರಿಗಾಗಿ’ ಎಂಬ ಸಾಲೇ ಸುದ್ದಿಯ ಜೀವ. ಸಂಪಾದಕ ಪಾಲಾಕ್ಷಪ್ಪನವರು, ಅವರೇ ಪತ್ರಿಕೆಯ ಮಾಲೀಕರು, ಓದಿ ಕನ್ನಡಕ ತೆಗೆದಿಟ್ಟರು.

‘ಏನಿದು ವನಜಾಕ್ಷಿ? ಓದೋರ ಮನೇಲಿ ಮಕ್ಕಳಿರ್ತಾರೆ.’

‘ಅವರ ಪಕ್ಕದ ಮನೇಲೂ ಮಕ್ಕಳಿದಾವೆ ಸರ್. ಹೋಂವರ್ಕ್ ಮಾಡೋಕೆ ಅಲ್ಲಿಗೇ ಬರ್ತಾವೆ.’

‘ಅವ್ರ ತಮ್ಮ ನಾಗಭೂಷಣ ನಮಗೆ ಎಷ್ಟು ವರ್ಷದಿಂದ ಜಾಹೀರಾತು ಕೊಡ್ತಿದಾನೆ ಗೊತ್ತಾ?’

‘ಪ್ರಶಸ್ತಿ ಬಂದಿರೋದು ತಮ್ಮನಿಗಲ್ಲ ಸರ್.’

‘ಸರಿ ಮಾರಾಯ್ತಿ, ನೋಡೋಣ ಬಿಡಿ’ ಎಂದರು. ಪಾಲಾಕ್ಷಪ್ಪನವರು ‘ನೋಡೋಣ’ ಎಂದರೆ ಅವರೊಬ್ಬರೇ ನೋಡುತ್ತಾರೆ ಎಂದರ್ಥ. ನಾನು ಮನೆಗೆ ಹೊರಟ ಮೇಲೆ ಅವರು ಮುಗಿದ ಪುಟವನ್ನು ಮತ್ತೆ ತೆರೆಸಿದ್ದಾರೆ. ಬೆಳಿಗ್ಗೆ ಪತ್ರಿಕೆ ನೋಡಿದರೆ: ‘ತಮ್ಮ ಸಹಾಯಕ ಸೆಲ್ವರಾಜ್ ಅವರಿಗಾಗಿ’.

ಸ್ನೇಹಿತ ಎಂದಿದ್ದರೂ ಒಂದು ಮಾತಿತ್ತು. ಸಹಾಯಕ! ಆ ಪದವನ್ನು ಅವರು ಎಲ್ಲಿಂದ ಹುಡುಕಿ ತೆಗೆದರೋ. ಸುದ್ದಿಯ ಕೆಳಗೆ ನನ್ನ ಹೆಸರು ಇತ್ತು. ಸಾಮಾನ್ಯವಾಗಿ ಡೆಸ್ಕಿನವರ ಹೆಸರು ಅಚ್ಚಾಗುವುದಿಲ್ಲ. ಅವತ್ತೇ ಮರೆಯದೆ ಹಾಕಿದ್ದರು.

ಫೋನು ಬಂತು. ಗಂಗಾಧರಪ್ಪ ಕೂಗಾಡಲಿಲ್ಲ. ‘ಮೇಡಂ, ನಾನು ಹೇಳಿದ್ದರಲ್ಲಿ ಯಾವ ಪದ ನಿಮಗೆ ಸಹಾಯಕ ಅಂತ ಕೇಳಿಸ್ತು?’ ಎಂದರು. ನಡೆದದ್ದನ್ನು ಹೇಳಿದೆ. ಅಷ್ಟರಲ್ಲಿ ಸೆಲ್ವರಾಜ್ ಫೋನು ಕಿತ್ತುಕೊಂಡು, ‘ಮೇಡಂ, ಹೆಲ್ಪರ್ ಆಗಿ ಇಷ್ಟು ವರ್ಷ ಆಯ್ತು, ನಂಗೆ ಪ್ರಮೋಷನ್ ಯಾವಾಗಮ್ಮಾ?’ ಎಂದು ನಕ್ಕರು. ಫೋನು ಮತ್ತೆ ಗಂಗಾಧರಪ್ಪನವರ ಕೈಗೆ ಹೋಯಿತು. ತಗ್ಗಿದ ದನಿಯಲ್ಲಿ ಹೇಳಿದರು: ‘ನಗ್ತಾನೆ ಅಷ್ಟೇ. ಪೇಪರ್ ನೋಡಿದಾಗಿಂದ ಇಡ್ಲಿ ತಟ್ಟೆ ಮುಂದಿಟ್ಕೊಂಡು ಹಂಗೇ ಕೂತಿದಾನೆ.’

ತಿದ್ದುಪಡಿ ಹಾಕೋಣ ಎಂದು ಸಂಪಾದಕರ ಕೋಣೆಗೆ ಹೋದೆ. ‘ತಿದ್ದೋಕೆ ಅದರಲ್ಲೇನು ತಪ್ಪಿದೆ? ಅವನು ಇವರಿಗೆ ಸಹಾಯ ಮಾಡಲ್ವಾ?’ ಎಂದರು. ‘ನಿಮ್ಮ ಮನೆಯವರೂ ನಿಮಗೆ ಸಹಾಯ ಮಾಡ್ತಾರೆ ಸರ್. ಮುಂದಿನ ಸಲ ಅವರ ಫೋಟೋ ಬಂದಾಗ ಹಾಗೇ ಹಾಕೋಣ’ ಎಂದೆ. ಅವರ ಮುಖ ಕೆಂಪಾಯಿತು. ತಿದ್ದುಪಡಿ ಮಾತ್ರ ಬರಲಿಲ್ಲ.

ಅಚ್ಚಾದ ತಪ್ಪು ಹೇಗೆ ಹರಡುತ್ತದೆ ಎಂದು ಹೊಸಬರಿಗೆ ತಿಳಿದಿರುವುದಿಲ್ಲ. ಸಂಜೆ ಪತ್ರಿಕೆಯವರು ನಮ್ಮದನ್ನು ನೋಡಿ ಬರೆದರು. ಕೇಬಲ್ ಚಾನೆಲ್ಲಿನವರು ಅದನ್ನು ನೋಡಿ ಓದಿದರು. ವಾಟ್ಸಾಪಿನಲ್ಲಿ ಅಭಿನಂದನೆಯ ಚಿತ್ರಗಳು ಓಡಾಡಿದವು. ಎಲ್ಲೆಡೆಯೂ ಸೆಲ್ವರಾಜ್ ಸಹಾಯಕರಾದರು. ಒಂದು ವಾರದೊಳಗೆ ಇಡೀ ಜಿಲ್ಲೆಗೆ ಅನುಕೂಲವಾದ ಒಂದು ಪದ ಸಿಕ್ಕಿತ್ತು. ಇಷ್ಟು ದಿನ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದವರೆಲ್ಲ ನೆಮ್ಮದಿಯಿಂದ ಅದನ್ನೇ ಬಳಸತೊಡಗಿದರು.

ಆಮೇಲೆ ಒಂದು ದಿನ ತಮ್ಮ ನಾಗಭೂಷಣ ಕಚೇರಿಗೆ ಬಂದರು. ಗಾಂಧಿ ಬಜಾರಿನ ವ್ಯಾಪಾರಸ್ಥರೆಲ್ಲ ಸೇರಿ ಅಣ್ಣನಿಗೆ ಸನ್ಮಾನ ಇಟ್ಟುಕೊಂಡಿದ್ದಾರಂತೆ. ತಾಯಿ ತೀರಿಕೊಂಡಾಗ ಕ್ರಿಯೆಯೆಲ್ಲ ಮುಗಿದ ಮೇಲೆ ಅಣ್ಣನಿಗೆ ಹೇಳಿಕಳಿಸಿದ್ದ ತಮ್ಮ ಇವರೇ. ಈಗ ಆಹ್ವಾನ ಪತ್ರಿಕೆಯಲ್ಲಿ ‘ನಮ್ಮ ಮನೆತನದ ಹೆಮ್ಮೆ’ ಎಂದು ಬರೆಸಿದ್ದರು.

‘ವೇದಿಕೆ ಮೇಲೆ ಅಣ್ಣ ಒಬ್ರೇ. ಆ ಸಹಾಯಕರಿಗೆ ಕೆಳಗಡೆ ಮುಂದಿನ ಸಾಲಲ್ಲಿ ಕುರ್ಚಿ ರಿಸರ್ವ್ ಮಾಡ್ಸಿದೀನಿ. ಮರ್ಯಾದೆಗೆ ಏನೂ ಕಮ್ಮಿ ಮಾಡಲ್ಲ ಮೇಡಂ’ ಎಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅದೇ ನನಗೆ ಹೆಚ್ಚು ರೇಗಿಸಿತು. ನಿಜಕ್ಕೂ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದರು.

ಗಂಗಾಧರಪ್ಪ ಇದಕ್ಕೆ ಒಪ್ಪಿದ್ದಾರೆಂದು ಕೇಳಿ ನನಗೆ ಆಶ್ಚರ್ಯವಾಯಿತು. ಯಾಕೆ ಒಪ್ಪಿದಿರಿ ಎಂದು ಫೋನಿನಲ್ಲಿ ಕೇಳಿದೆ.

‘ಅದು ನಾನು ಹುಟ್ಟಿದ ಬೀದಿ ಮೇಡಂ. ಬ್ಯಾಗ್ ಹಿಡ್ಕೊಂಡು ಹೊರಟಾಗ ಅಂಗಡಿಯೋರೆಲ್ಲ ಬೇರೆ ಕಡೆ ಮುಖ ತಿರುಗ್ಸಿದ್ರು. ಒಂದ್ಸಲ ಅದೇ ಬೀದೀಲಿ ಇವನ ಜೊತೆ ಹಗಲು ಹೊತ್ತಲ್ಲಿ ನಡೀಬೇಕು. ಕುರ್ಚಿ ವಿಷಯ ಅಲ್ಲಿ ಹೋದ್ಮೇಲೆ ನೋಡ್ಕೊಳ್ತೀನಿ.’

ಸನ್ಮಾನಕ್ಕೆ ನಾನು ಹೋದೆ. ಇಬ್ಬರೂ ಬಜಾರಿನ ತುದಿಯಲ್ಲೇ ಆಟೋ ಇಳಿದು ನಡೆದುಕೊಂಡು ಬಂದರು. ಸಭಾಂಗಣದ ಬಾಗಿಲಲ್ಲಿ ಸ್ವಯಂಸೇವಕರೊಬ್ಬರು ಸೆಲ್ವರಾಜ್ ಅವರ ತೋಳು ಹಿಡಿದು ಮುಂದಿನ ಸಾಲಿಗೆ ಕರೆದೊಯ್ದು ಕೂರಿಸಿದರು. ಗಂಗಾಧರಪ್ಪನವರನ್ನು ವೇದಿಕೆಗೆ ಹತ್ತಿಸಿದರು. ಭಾಷಣಗಳಾದವು. ಶಾಲು, ಪೇಟ, ಹಣ್ಣಿನ ಬುಟ್ಟಿ. ನಿರೂಪಕಿ ಚೆಂದದ ಕನ್ನಡದಲ್ಲಿ, ‘ಪೂಜ್ಯರ ಈ ಸಾಧನೆಯ ಹಿಂದೆ ನಿಂತಿರುವ ಅವರ ನಿಷ್ಠಾವಂತ ಸಹಾಯಕರಾದ ಶ್ರೀ ಸೆಲ್ವರಾಜ್ ಅವರಿಗೆ ಈಗ ಕಿರುಕಾಣಿಕೆ’ ಎಂದಳು. ನನಗೆ ಕುರ್ಚಿಯ ಕೆಳಗೆ ಸೇರಿಕೊಳ್ಳುವಂತಾಯಿತು. ನಮ್ಮ ಪತ್ರಿಕೆಯ ಪದ ಮೈಕಿನಲ್ಲಿ ಕೂಗುತ್ತಿತ್ತು.

ಸೆಲ್ವರಾಜ್ ಮೆಟ್ಟಿಲು ಹತ್ತಿ ಬಂದರು. ಗಂಗಾಧರಪ್ಪ ಎದ್ದು ಹೋಗಿ ಮೈಕು ಇಸಕೊಂಡರು. ಪೇಟ ಓರೆಯಾಗಿತ್ತು.

‘ಒಂದು ತಪ್ಪಾಗಿದೆ. ಪೇಪರಲ್ಲೂ ತಪ್ಪಾಗಿತ್ತು, ಇಲ್ಲೂ ಆಯ್ತು. ಇವನು ನನ್ನ ಸಹಾಯಕ ಅಲ್ಲ. ನಾನು ಇವನ ಜೊತೆ ಸಂಸಾರ ಮಾಡ್ತಿರೋನು. ನೀವೆಲ್ಲ ನಾನು ಜನರನ್ನ ನಡೆಸಿದೆ ಅಂತ ಹೊಗಳಿದ್ರಿ. ನನ್ನನ್ನ ನಡೆಸಿದ್ದು ಇವನು. ಇವನಿಗೆ ಇಲ್ಲಿ ಕುರ್ಚಿ ಹಾಕಿ. ಹಾಕೋಕಾಗಲ್ಲ ಅಂದ್ರೆ ನಾನೂ ಕೆಳಗೆ ಕೂರ್ತೀನಿ, ಬೇಜಾರಿಲ್ಲ.’

ಸಭೆಯಲ್ಲಿ ಚಪ್ಪಾಳೆ ಬರಲಿಲ್ಲ. ಹಾಗೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಹಿಂದುಗಡೆ ಯಾರೋ ಕಿಸಕ್ಕನೆ ನಕ್ಕರು. ನಾಲ್ಕಾರು ಜನ ಎದ್ದು ಹೋದರು. ನಾಗಭೂಷಣ ವೇದಿಕೆಯ ಪಕ್ಕದಲ್ಲಿ ಕಲ್ಲಿನಂತೆ ನಿಂತಿದ್ದರು. ಆಗ ಮುಂದಿನ ಸಾಲಿನಿಂದ ಹಣ್ಣು ಹಣ್ಣು ಮುದುಕಿಯೊಬ್ಬರು, ಅಣ್ಣತಮ್ಮಂದಿರ ಸೋದರತ್ತೆಯಂತೆ, ಕೋಲು ನೆಲಕ್ಕೆ ಕುಟ್ಟಿ ಗದರಿದರು:

‘ಗೊತ್ತಿದ್ದಿದ್ದೇ ಅಲ್ವೇನ್ರೋ ಇದು? ಯಾರಾದ್ರೂ ಒಂದು ಕುರ್ಚಿ ಹಾಕ್ರೋ! ಆ ಸೆಲ್ವರಾಜಂಗೆ ಜಾಸ್ತಿ ಹೊತ್ತು ನಿಲ್ಲಕ್ಕಾಗಲ್ಲ.’

ಕುರ್ಚಿ ಬಂತು. ಹಾಕಿದವರು ನಾಗಭೂಷಣ ಅಲ್ಲ. ಅವರು ಊಟಕ್ಕೂ ನಿಲ್ಲದೆ ಹೊರಟುಹೋದರು. ಇವತ್ತಿಗೂ ಅಣ್ಣನ ಜೊತೆ ಮಾತಿಲ್ಲ ಎಂದು ಕೇಳಿದ್ದೇನೆ. ಎಲ್ಲವೂ ಸರಿಹೋಗುವುದಿಲ್ಲ.

ಕಚೇರಿಗೆ ಬಂದು ನಡೆದದ್ದನ್ನು ನಡೆದಂತೆ ಬರೆದೆ. ಪಾಲಾಕ್ಷಪ್ಪನವರು ‘ವಿಜೃಂಭಣೆಯಿಂದ ಜರುಗಿತು ಅಂತ ಮುಗಿಸಿ’ ಎಂದರು. ‘ಇದು ಹೋಗದಿದ್ದರೆ ಪುಟಕ್ಕೆ ನಾನು ಸಹಿ ಹಾಕುವುದಿಲ್ಲ’ ಎಂದೆ. ನನ್ನ ನಿಷ್ಠುರಕ್ಕೆ ಅವರು ಮಣಿದರು ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಆದದ್ದು ಬೇರೆ. ಎದುರಾಳಿ ಪತ್ರಿಕೆಯ ಹುಡುಗಿ ಅಷ್ಟನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿದ್ದಳು. ಅದು ಎಲ್ಲರ ಫೋನಿಗೂ ಬಂತು, ಸಂಪಾದಕರ ಫೋನಿಗೂ ಬಂತು. ‘ಅವ್ರು ಹಾಕಿ ನಾವು ಹಾಕ್ದೆ ಇದ್ರೆ ನಗೆಪಾಟಲು. ಹಾಕಿ ಅತ್ಲಾಗೆ’ ಎಂದರು. ನಮ್ಮಲ್ಲಿ ಸತ್ಯ ಅಚ್ಚಾಗುವುದು ಬಹಳ ಸಲ ಹೀಗೆಯೇ, ಪಕ್ಕದವರ ಮೇಲಿನ ಹೊಟ್ಟೆಕಿಚ್ಚಿನಿಂದ.

ಅಷ್ಟಾದ ಮೇಲಾದರೂ ಸುಸೂತ್ರವಾಗಬೇಕಲ್ಲ? ಪುಟ ಹೋಗುವ ಮೊದಲು ಕೊನೆಯ ಸಲ ನೋಡುತ್ತೇನೆ, ದಪ್ಪ ಅಕ್ಷರದಲ್ಲಿ ‘ಬಾಳೆಸಂಗಾತಿಗೆ ಪಕ್ಕದಲ್ಲೇ ಕುರ್ಚಿ’ ಎಂದಿದೆ. ‘ಬಾಳಸಂಗಾತಿ’ ಎಂದು ನಾನು ಬರೆದದ್ದನ್ನು ಯಾರೋ ಟೈಪ್ ಮಾಡುವಾಗ ಬಾಳೆಹಣ್ಣಿಗೆ ಸೇರಿಸಿದ್ದರು. ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಚಹಾ ಚೆಲ್ಲಿತು. ನಿಂತಲ್ಲೇ ತಿದ್ದಿಸಿದೆ. ಇಡೀ ಡೆಸ್ಕು ಅವತ್ತು ನನ್ನಿಂದ ಬೈಸಿಕೊಂಡಿತು. ಹೊಸಬರಿಗೆ ನನ್ನದೊಂದೇ ಬುದ್ಧಿಮಾತು: ನೀವು ಹೊಡೆದಾಡಿ ಗೆದ್ದ ಪದವನ್ನು ಅಚ್ಚಾಗುವ ತನಕ ಕಾಯಿರಿ. ಗೆದ್ದೆವೆಂದು ಮನೆಗೆ ಹೋಗಬೇಡಿ.

ಮರುದಿನ ಫೋನುಗಳು ಬಂದವು. ಪತ್ರಿಕೆ ನಿಲ್ಲಿಸುತ್ತೇವೆ ಎಂದವರಿದ್ದರು. ‘ಇಂಥದ್ದನ್ನೆಲ್ಲ ಮುಖಪುಟದಲ್ಲಿ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?’ ಎಂದ ಒಬ್ಬ ನಿವೃತ್ತ ಮೇಷ್ಟ್ರಿಗೆ, ಅದು ಮುಖಪುಟವಲ್ಲ, ಮೂರನೇ ಪುಟ, ಓದಿ ಆಮೇಲೆ ಬೈಯಿರಿ ಎಂದೆ. ಪಾಲಾಕ್ಷಪ್ಪನವರು ಹೆದರಿದಂತೆ ಪತ್ರಿಕೆ ಮುಳುಗಲಿಲ್ಲ.

ಗಂಗಾಧರಪ್ಪ ದೆಹಲಿಗೆ ಹೋಗಿ ಪದಕ ತಂದರು. ಜೊತೆಗೆ ಸೆಲ್ವರಾಜ್ ಹೋಗಿದ್ದರು. ಸಮಾರಂಭ ಹೇಗಿತ್ತು ಎಂದು ಕೇಳಿದರೆ ಸೆಲ್ವರಾಜ್, ‘ಹಾಲ್ ಚೆನ್ನಾಗಿತ್ತು ಮೇಡಂ. ಇವನ ಹೆಸರು ಕರೆದಾಗ ನಂಗೆ ಕಣ್ಣು ಮಂಜಾಗಿ ಏನೂ ಕಾಣಿಸ್ಲಿಲ್ಲ. ಅಷ್ಟು ದೂರ ಹೋಗಿ ಅದನ್ನೇ ನೋಡ್ಲಿಲ್ಲ ನೋಡಿ’ ಎಂದರು.

ನನ್ನ ಸೇವೆಯ ಕೊನೆಯ ವಾರದಲ್ಲಿ ಕಚೇರಿಗೆ ಒಬ್ಬ ಹೆಂಗಸು ಬಂದಳು. ಹನುಮಕ್ಕ ಎಂದು ಹೆಸರು. ಹೊಳಲೂರಿನವಳು, ಗದ್ದೆ ಕೂಲಿಯವಳು. ಕೆಲಸದ ನಡುವೆ ಬಂದಳೆಂದು ನನಗೆ ಮೊದಲು ಕಿರಿಕಿರಿಯೇ ಆಯಿತು.

‘ಆ ಪದಕ ಬಂತಲ್ಲಮ್ಮ, ಇಬ್ರು ಅಣ್ಣಂದ್ರು, ಅವ್ರ ಮನೆ ಎಲ್ಲಿ?’

‘ಕಾಲು ಯಾರಿಗಮ್ಮ ಬೇಕು? ನಿನ್ನ ಯಜಮಾನರಿಗಾ?’ ಎಂದೆ.

‘ಕಾಲಲ್ಲ’ ಎಂದವಳು ಸುತ್ತ ನೋಡಿ ದನಿ ತಗ್ಗಿಸಿದಳು. ‘ನನ್ ಮಗನೂ ಅವ್ರಂಗೇ ಅಂತೆ. ಅವ್ರಪ್ಪಂಗೆ ಗೊತ್ತಾಗಿ ಹೊಡ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ, ಅಡ್ಡ ಬರ್ಲಿಲ್ಲ. ಈಗ ಹುಬ್ಬಳ್ಳೀಲಿ ಬೇಕ್ರೀಲಿದಾನೆ. ನಂಬರ್ ಐತೆ. ಫೋನ್ ಮಾಡಿ ಏನಂತ ಮಾತಾಡೋದು ಅಂತ ಗೊತ್ತಾಗಲ್ಲ. ಅವ್ರನ್ನ ಕೇಳಣ ಅಂತ.’

ಪುಟವನ್ನು ಜೊತೆಯವರ ಕೈಗೆ ಕೊಟ್ಟು ಅವಳನ್ನು ಭದ್ರಾವತಿ ಬಸ್ಸಿಗೆ ಹತ್ತಿಸಿಕೊಂಡು ಹೋದೆ. ಮಧ್ಯಾಹ್ನದ ಹೊತ್ತು, ಇಬ್ಬರೂ ಊಟಕ್ಕೆ ಮನೆಗೆ ಬಂದಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿದರು. ಗಂಗಾಧರಪ್ಪ, ‘ಮಾಡಮ್ಮ ಫೋನು. ನಮ್ಮವ್ವ ಒಂದೇ ಒಂದ್ಸಲ ಮಾಡಿದ್ರೆ ನಂಗೆ ಸಾಕಾಗಿತ್ತು’ ಎಂದರು.

‘ಏನಂತ ಕೇಳ್ಲಿ?’

ಸೆಲ್ವರಾಜ್ ಅವಳ ಮುಂದೆ ತಟ್ಟೆಯಿಟ್ಟು ಅನ್ನ ಬಡಿಸಿದರು. ‘ಯಾಕೆ ಹಿಂಗಾದೆ ಅಂತ ಕೇಳ್ಬೇಡಮ್ಮಾ. ವಾಪಸ್ ಬಾ ಅಂತಾನೂ ಅನ್ಬೇಡ, ಅದು ಆಮೇಲೆ. ಉಂಡ್ಯಾ ಅಂತ ಕೇಳು. ಅದಕ್ಕೆ ಜವಾಬು ಕೊಡೋಕೆ ಯಾರಿಗೂ ಕಷ್ಟ ಆಗಲ್ಲ.’

ಅವಳು ಫೋನನ್ನು ನನ್ನ ಕಡೆ ಚಾಚಿದಳು. ನಂಬರು ಒತ್ತಿಕೊಟ್ಟೆ. ಆ ಕಡೆ ರಿಂಗಾಯಿತು. ಯಾರೋ ‘ಹಲೋ’ ಎಂದರು.

‘ನಾನು ಕಣೋ. ಉಂಡ್ಯಾ?’

ಕಟ್ಟಾಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ಮತ್ತೆ ಇಟ್ಟುಕೊಂಡಳು. ಆಮೇಲೆ ನಮಗೂ ಕೇಳಿಸುವಷ್ಟು ಗಟ್ಟಿಯಾಗಿ, ಒಡೆದ ದನಿಯಲ್ಲಿ ಬಂತು: ‘ಇಲ್ಲವ್ವ, ಇನ್ನೂ ಇಲ್ಲ. ನೀನು?’

‘ಉಣ್ತಾ ಇದೀನಿ ಮಗಾ. ಭದ್ರಾವತೀಲಿ, ಇಬ್ರು ಅಣ್ಣಂದ್ರ ಮನೇಲಿ.’

ಯಾವ ಅಣ್ಣಂದಿರು ಎಂದು ಅವನು ಕೇಳಿರಬೇಕು. ಹನುಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಎದುರಿಗೆ ಕೂತಿದ್ದ ಇಬ್ಬರನ್ನೂ ಒಮ್ಮೆ ನೋಡಿ, ತನಗೆ ತೋಚಿದ ಮಾತಿನಲ್ಲಿ ಅವನಿಗೆ ಹೇಳತೊಡಗಿದಳು.